ಖಾಲಿ ಗೋದಲಿಯಲ್ಲಿ ಒಂದು ಕಲ್ಲು

ನಮ್ಮ ಕ್ರೈಸ್ತರ ಮನೆಗಳಲ್ಲಿ ಕ್ರಿಸ್ಮಸ್‌ಗೆ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಮಾದರಿ, ಕಟ್ಟಿದರೂ ಬಾಲಯೇಸುವಿನ ಜಾಗವನ್ನು ಖಾಲಿ ಬಿಡುತ್ತೇವೆ. ತಾಯಿ, ತಂದೆ, ದನ, ಕತ್ತೆ ಎಲ್ಲರೂ ಬಂದು ನಿಂತಿರುತ್ತಾರೆ. ನಡುವೆ ದನಕ್ಕೆ ಮೇವು ಹಾಕುವ ಮರದ ತೊಟ್ಟಿಯಲ್ಲಿ ಬರೀ ಬೈಹುಲ್ಲು. ಕ್ರಿಸ್ಮಸ್‌ನ ಹಿಂದಿನ ಸಂಜೆ ಪೂಜೆ ಮುಗಿಸಿ ಬಂದ ಮೇಲೆಯೇ ಮಗುವನ್ನು ಅಲ್ಲಿ ಮಲಗಿಸುವುದು. ಕೆಲವರು ಅವಸರಕ್ಕೆ ಮೊದಲೇ ಮಲಗಿಸಿಬಿಡುತ್ತಾರೆ, ಅಂಥವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಇಗರ್ಜಿಯಲ್ಲಿ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವವಳು ನಾನು. "ಆ ಖಾಲಿ ಜಾಗವೇ ಪಾಠ, ಕಾಯುವುದನ್ನು ಕಲಿಯಿರಿ" ಎಂದು ಪ್ರತಿ ಡಿಸೆಂಬರಿನಲ್ಲೂ ಗಂಟಲು ಹರಿದುಕೊಳ್ಳುತ್ತಿದ್ದೆ.

ಆ ವರ್ಷ ಡಿಸೆಂಬರಿನ ಆರಂಭದಲ್ಲೇ ಮಗಳಿಗೆ ಹೆರಿಗೆಯಾಯಿತು. ಫೆಬ್ರವರಿಯಲ್ಲಿ ಆಗಬೇಕಾದ ಹೆರಿಗೆ ಅದು. ಮಣಿಪಾಲದ ಆಸ್ಪತ್ರೆಯೊಂದರಲ್ಲಿ ಮೊಮ್ಮಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಉಳಿಯುತ್ತಾಳಾ ಎಂದು ಕೇಳಿದರೆ ಡಾಕ್ಟರು, "ಕಾಯಬೇಕಮ್ಮ" ಎಂದರು. ನನ್ನದೇ ಪಾಠ. ಆದರೆ ಅದರಲ್ಲಿ ಭಕ್ತಿ ಗಿಕ್ತಿ ಏನೂ ಇರಲಿಲ್ಲ, ಬರೀ ಹೆದರಿಕೆ.

ಗೋದಲಿ ಕಟ್ಟುವ ಮನಸ್ಸೇ ನನಗಿರಲಿಲ್ಲ. ಮಗಳು ಆಸ್ಪತ್ರೆಯ ಹಾಸಿಗೆಯಿಂದಲೇ ಹಟ ಹಿಡಿದು ಕಟ್ಟಿಸಿದಳು. ಗೋದಲಿಯ ಸುತ್ತ ಹಸುರು ಗದ್ದೆಯ ಹಾಗೆ ಕಾಣಲೆಂದು ಗೆರಟೆಗಳಲ್ಲಿ ರಾಗಿ ಬಿತ್ತಿಟ್ಟು, ದಿನವೂ ಬೆಳಿಗ್ಗೆ ನಮ್ಮೂರು ಕಾಪುವಿನಿಂದ ಆಸ್ಪತ್ರೆಗೆ ಬಸ್ಸು ಹತ್ತುತ್ತಿದ್ದೆ. ರಾಗಿಗೆ ನೀರು ಚಿಮುಕಿಸಲಿಕ್ಕೆ ಮನೆಯ ಕೀಲಿಕೈಯನ್ನು ಪಕ್ಕದ ಮನೆಯ ಅಕ್ಕನಿಗೆ ಕೊಟ್ಟಿದ್ದೆ. ಅವರು ಮೀನು ಮಾರುವವರು. ಬಾಯಿ ಜೋರು, ಕೈ ಅದಕ್ಕಿಂತ ಧಾರಾಳ.

ಒಂದು ಸಂಜೆ ಬಂದು ನೋಡುತ್ತೇನೆ, ಬೈಹುಲ್ಲಿನ ಮೇಲೆ ಮುಷ್ಟಿಯಷ್ಟು ದೊಡ್ಡ ನುಣುಪಾದ ಕಲ್ಲೊಂದು, ಹಳೆಯ ಮೆತ್ತನೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಮಲಗಿದೆ. ನನಗೆ ಪಿತ್ತ ನೆತ್ತಿಗೇರಿತು. ಬೇಲಿಯ ಹತ್ತಿರ ಹೋಗಿ ಅಕ್ಕನನ್ನು ಕರೆದೆ.

"ಇದೆಂತ ಅಕ್ಕ, ಗೋದಲಿಯಲ್ಲಿ ಕಲ್ಲು?"

"ಮತ್ತೆ ಎಂತ ಮಾಡುವುದು ಟೀಚರ್? ಹೆತ್ತ ಮನೆಯಲ್ಲಿ ತೊಟ್ಟಿಲು ಖಾಲಿ ಇಡ್ತಾರಾ? ಮಗುವಿಗೆ ಒಳ್ಳೆಯದಲ್ಲ."

"ಅದು ತೊಟ್ಟಿಲಲ್ಲ. ದನಕ್ಕೆ ಹುಲ್ಲು ಹಾಕುವಂಥದ್ದು. ಅದು ಖಾಲಿ ಇರಲಿಕ್ಕೆ ಒಂದು ಅರ್ಥ ಉಂಟು," ಎಂದು ತರಗತಿಯಲ್ಲಿ ಹೇಳುವುದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ.

ಅಕ್ಕ ಪೂರ್ತಿ ಕೇಳಿಸಿಕೊಂಡರು. "ಮಗು ಮಲಗುವುದಾದರೆ ತೊಟ್ಟಿಲೇ ಅಲ್ವಾ? ನಮ್ಮಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವ ಮೊದಲು ಅರೆಯುವ ಗುಂಡುಕಲ್ಲು ಮಲಗಿಸ್ತೇವೆ. ನಿಮ್ಮ ತೊಟ್ಟಿಲು ಚಿಕ್ಕದು, ಅದಕ್ಕೆ ಸಮುದ್ರದ ಬದಿಯಿಂದ ಇದನ್ನು ತಂದೆ."

"ಕಲ್ಲು ಯಾಕೆ?"

"ಮಗು ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಅಂತ."

ಆಸ್ಪತ್ರೆಯಲ್ಲಿ ಒಮ್ಮೆಯೂ ಅಳದವಳು ಬೇಲಿ ಹಿಡಿದುಕೊಂಡು ಅತ್ತೆ. ಅಕ್ಕ ಮನೆಯೊಳಗೆ ಹೋಗಿ ಒಂದು ಪಾತ್ರೆಯಲ್ಲಿ ಗಂಜಿ ತಂದುಕೊಟ್ಟರು.

ಕಲ್ಲು ಅಲ್ಲೇ ಉಳಿಯಿತು. ಮಗಳಿಗೆ ಫೋನಿನಲ್ಲಿ ಹೇಳಿದಾಗ, ಹೆರಿಗೆಯಾದ ಮೇಲೆ ಮೊದಲ ಸಲ ನಕ್ಕಳು. "ತೆಗೀಬೇಡ ಅಮ್ಮ" ಎಂದಳು.

ಕ್ರಿಸ್ಮಸ್‌ನ ಹಿಂದಿನ ಸಂಜೆ ಪೂಜೆಯಿಂದ ಬಂದು ಬಾಲಯೇಸುವನ್ನು ಕಾಗದದ ಸುತ್ತಿನಿಂದ ಬಿಡಿಸಿದೆ. ಕಲ್ಲಿನ ಪಕ್ಕದಲ್ಲಿ ಮಲಗಿಸಲು ನೋಡಿದೆ, ಜಾಗ ಸಾಲಲಿಲ್ಲ. ಉದ್ದಕ್ಕೆ, ಅಡ್ಡಕ್ಕೆ, ಹೇಗಿಟ್ಟರೂ ಆಗಲಿಲ್ಲ. ಹುಟ್ಟುವಾಗ ಛತ್ರದಲ್ಲಿ ಜಾಗವಿಲ್ಲದೆ ಕೊಟ್ಟಿಗೆಗೆ ಬಂದವನಿಗೆ ಈಗ ನನ್ನ ಮನೆಯ ಕೊಟ್ಟಿಗೆಯಲ್ಲೂ ಜಾಗವಿಲ್ಲ. ಕಲ್ಲು ತೆಗೆಯಲು ಹೋದ ಕೈ ಹಿಂದೆ ಬಂತು. ಮೊಮ್ಮಗಳು ಆ ವಾರ ಉಸಿರಾಡಲು ಕಷ್ಟಪಡುತ್ತಿದ್ದಳು. "ಪ್ರತಿ ವರ್ಷ ನಿನಗಾಗಿ ನಾನು ಕಾಯ್ತೇನಲ್ಲ, ಈ ಸಲ ನೀನು ಸ್ವಲ್ಪ ಕಾಯಿ ಮಾರಾಯ" ಎಂದು ಅವನನ್ನು ಮೇಜಿನ ಮೇಲೆ ಮಲಗಿಸಿದೆ. ಹೇಳಿದ್ದಕ್ಕೆ ಪಶ್ಚಾತ್ತಾಪವೇನೂ ಆಗಲಿಲ್ಲ.

ಜನವರಿ ಆರರ ಮೂರು ರಾಯರ ಹಬ್ಬ ಕಳೆದು ಎಲ್ಲರ ಮನೆಯ ಗೋದಲಿ ಅಟ್ಟ ಸೇರಿತು. ನಮ್ಮದು ರಾಗಿ ಪೈರು ಒಣಗಿ ಹಳದಿಯಾದ ಮೇಲೂ ಹಾಗೆಯೇ ಇತ್ತು. ಬಂದವರು ನೋಡಿ ನಗುತ್ತಿದ್ದರು. ನಗಲಿ, ಮಗು ಮನೆಗೆ ಬರುವವರೆಗೆ ಕಲ್ಲನ್ನು ಕದಲಿಸುವುದಿಲ್ಲ ಎಂದುಕೊಂಡೆ.

ಜನವರಿಯ ಕೊನೆಗೆ ಮೊಮ್ಮಗಳು ಮನೆಗೆ ಬಂದಳು. ಅಲ್ಲಿಯವರೆಗೆ ನಾನು ಅವಳನ್ನು ಗಾಜಿನಾಚೆಗಷ್ಟೇ ನೋಡಿದ್ದೆ. ಹೊಸ್ತಿಲು ದಾಟಿದ ಕೂಡಲೇ ಮಗಳು, "ಹಿಡ್ಕೋ" ಎಂದು ನನ್ನ ಕೈಗೆ ಕೊಟ್ಟಳು. ಕೈಯಲ್ಲಿ ಏನೋ ಇದೆ ಎಂದೂ ಅನ್ನಿಸದಷ್ಟು ಹಗುರ. ಬೀಳಿಸಿಬಿಡುತ್ತೇನೋ ಎಂದು ಹೆದರಿ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ದೇವರು ಕೂಸಾಗಿ ಬಂದ ಎಂದು ಎಷ್ಟು ಸಲೀಸಾಗಿ ಮಕ್ಕಳಿಗೆ ಹೇಳಿಬಿಡುತ್ತಿದ್ದೆ. ಇಷ್ಟು ಸಣ್ಣದಾಗಿ, ಹೆದರುವ ನಮ್ಮಂಥವರ ಕೈಗಳನ್ನು ನಂಬಿ ಬರಲು ಅವನಿಗೆ ಎಷ್ಟು ಧೈರ್ಯ ಬೇಕಾಗಿತ್ತು!