ಬ್ರಿನ್‌ಮೋರ್ ಕೊಲ್ಲಿಯ ಕಪ್ಪು ಬಾತುಗಳು ಮತ್ತು ಡಾ. ಸಂಗಮೇಶ ಕಮತಗಿ

ಬ್ರಿಟನ್ನಿನ ಕರಾವಳಿಯಲ್ಲಿ ಚಳಿಗಾಲ ಕಳೆಯುವ ಕಡಲ ಬಾತುಗಳ ಗಣತಿ ಇಂದು ಕ್ಯಾಮೆರಾ, ಕಂಪ್ಯೂಟರುಗಳ ಕೈಗೆ ಬಂದಿದೆ. ಅದು ಮನುಷ್ಯನ ಕಣ್ಣನ್ನೂ ತಾಳ್ಮೆಯನ್ನೂ ನಂಬಿ ನಡೆಯುತ್ತಿದ್ದ ಕಾಲದಲ್ಲಿ ಈ ಕೆಲಸಕ್ಕೆ ಕಾಲಿಟ್ಟು, ಹೊಸ ಉಪಕರಣಗಳನ್ನು ಹಗೆಯಂತೆ ಕಾಣದೆ ಕಲಿತು, ಎರಡೂ ಕಾಲಗಳಲ್ಲಿ ಸಮಾನ ಗೌರವಕ್ಕೆ ಪಾತ್ರರಾದ ಕೆಲವೇ ವಿಜ್ಞಾನಿಗಳಲ್ಲಿ ಡಾ. ಸಂಗಮೇಶ ಕಮತಗಿಯವರು ಒಬ್ಬರು. ಲಂಡನ್ನಿನ ಕರಾವಳಿ ಪಕ್ಷಿ ಅಧ್ಯಯನ ಕೇಂದ್ರದಿಂದ ಈ ಮಾರ್ಚಿನಲ್ಲಿ ನಿವೃತ್ತರಾದ ಅವರಿಗೆ ಸಹೋದ್ಯೋಗಿಗಳೂ ಶಿಷ್ಯರೂ ಇಲ್ಲಿನ ಕನ್ನಡಿಗರೂ ಸೇರಿ ಅರ್ಪಿಸುತ್ತಿರುವ ಈ ಗ್ರಂಥದಲ್ಲಿ ಅವರ ಸಂಶೋಧನೆಯನ್ನು ತೂಗಿ ನೋಡುವ ಲೇಖನಗಳು ಹಲವಿವೆ. ಇಲ್ಲಿ ಹೇಳಬೇಕೆನಿಸಿದ್ದು ಅವರನ್ನು ಹತ್ತಿರದಿಂದ ಬಲ್ಲವರೆಲ್ಲ ಮತ್ತೆ ಮತ್ತೆ ನೆನೆಯುವ ಒಂದು ಚಳಿಗಾಲದ ಸಂಗತಿ.

ಹುನಗುಂದದ ಕಡೆಯವರಾದ ಸಂಗಮೇಶರು ಸಮುದ್ರವನ್ನು ಮೊದಲು ಕಂಡದ್ದು ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದಾಗ, ಕಾರವಾರಕ್ಕೆ ಹೋದ ಪ್ರವಾಸದಲ್ಲಿ. ಜೊತೆಯವರು ನೀರಿಗಿಳಿದು ಕೂಗಾಡುತ್ತಿದ್ದರೆ ಇವರು ಚಪ್ಪಲಿ ಕೈಯಲ್ಲಿ ಹಿಡಿದು ದಂಡೆಯ ಮೇಲೆ ನಿಂತೇ ಇದ್ದರಂತೆ. "ಹೆದರಿಕಿ ಏನಲೇ?" ಎಂದು ಗೆಳೆಯರು ಛೇಡಿಸಿದಾಗ, "ಹೆದರಿಕಿ ಅಲ್ಲೋ, ಇಷ್ಟು ದೊಡ್ಡದಿರತೈತಿ ಅಂತ ಯಾರೂ ಹೇಳಿದ್ದಿಲ್ಲ" ಎಂದರಂತೆ. ಮುಂದೆ ವಿದ್ಯಾರ್ಥಿವೇತನದ ಮೇಲೆ ಲಂಡನ್ನಿಗೆ ಬಂದು, ಡಾಕ್ಟರೇಟ್ ಪಡೆದು, ಅಧ್ಯಯನ ಕೇಂದ್ರದ ಕೆಲಸಕ್ಕೆ ಸೇರಿದ ಮೇಲೆ ಅವರ ಪಾಲಿಗೆ ಬಂದದ್ದು ವೇಲ್ಸ್ ಕರಾವಳಿಯ ಬ್ರಿನ್‌ಮೋರ್ ಎಂಬ ಸಂರಕ್ಷಿತ ಕೊಲ್ಲಿ. ಉತ್ತರದ ಹೆಪ್ಪುಗಟ್ಟುವ ಕೆರೆಗಳನ್ನು ಬಿಟ್ಟು ಬರುವ ಸ್ಕೋಟರ್ ಎಂಬ ಕಪ್ಪು ಬಾತುಗಳು ಪ್ರತಿ ಚಳಿಗಾಲವೂ ಅಲ್ಲಿ ಬೀಡುಬಿಟ್ಟು, ಆಳಕ್ಕೆ ಮುಳುಗಿ, ಮರಳಲ್ಲಿ ಹುದುಗಿದ ಚಿಪ್ಪುಜೀವಿಗಳನ್ನು ತಿಂದು ಬದುಕುತ್ತವೆ. ಅವು ಅಲ್ಲಿವೆ ಎಂಬ ಕಾರಣಕ್ಕೇ ಆ ಕೊಲ್ಲಿಗೆ ಕಾನೂನಿನ ಕಾವಲು. ಅವು ಅಲ್ಲಿವೆ ಎಂದು ವರ್ಷವರ್ಷವೂ ಎಣಿಸಿ ಹೇಳುವುದು ಸಂಗಮೇಶರ ಕೆಲಸ.

ಫೆಲ್ಥಮ್‌ನ ಚಿಕ್ಕ ಮನೆಯಲ್ಲಿ ಸಂಸಾರ ಹೂಡಿದ ಅವರು, ಚಳಿಗಾಲ ಬಂತೆಂದರೆ ಪುಟ್ಟ ವಿಮಾನವೊಂದರ ಕಿಟಕಿಗೆ ಹಣೆ ಹಚ್ಚಿ, ಕೊಲ್ಲಿಯ ಮೇಲೆ ಹೊಲ ಉತ್ತಂತೆ ಸಾಲುಸಾಲಾಗಿ ಹಾರುತ್ತ, ಕೆಳಗೆ ಕಂಡ ಬಾತುಗಳನ್ನು ಧ್ವನಿಮುದ್ರಕಕ್ಕೆ ಹೇಳುತ್ತ ಹೋಗುವರು. ಪತ್ನಿ ವತ್ಸಲಾ ಅವರಿಗೆ ಮನೆಗೆ ಹತ್ತಿರದ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಕೆಲಸ. ನಡೆಯಲಾಗದ ಪ್ರಯಾಣಿಕರನ್ನು ಗಾಲಿಕುರ್ಚಿಯಲ್ಲಿ ವಿಮಾನದ ಬಾಗಿಲ ತನಕ ಮುಟ್ಟಿಸಿ ಬರುವುದು ಅವರ ಕರ್ತವ್ಯ. ಸಂಕ್ರಾಂತಿಗೆ ಎಂದೂ ಮನೆಯಲ್ಲಿರದ ಗಂಡನನ್ನು ಅವರು ನೆಂಟರ ಮುಂದೆಯೇ ಕೇಳುತ್ತಿದ್ದರು: "ಇಷ್ಟು ವರ್ಷ ಆತು, ಆ ಬಾತಿಗೆ ನಿಮ್ಮ ಗುರುತರೆ ಸಿಗತೈತೇನ್ರೀ?"

ಶಿಷ್ಯರನ್ನು ಅವರು ನಡೆಸಿಕೊಂಡ ರೀತಿಗೆ ಒಂದು ನಿದರ್ಶನ ಸಾಕು. ಲಂಡನ್ನಿನ ಸಟನ್‌ನಲ್ಲಿ ಹುಟ್ಟಿ ಬೆಳೆದ, ಮೈಸೂರು ಮೂಲದ ಜಾಹ್ನವಿ ಎಂಬ ಸಂಶೋಧನಾ ವಿದ್ಯಾರ್ಥಿನಿ ಮೊದಲ ಹಾರಾಟದಲ್ಲೇ ವಾಂತಿಯಾಗಿ, ಇಳಿದ ಮೇಲೆ ರನ್‌ವೇ ಪಕ್ಕದ ಹುಲ್ಲಿನಲ್ಲಿ ಕುಳಿತು ಅತ್ತುಬಿಟ್ಟಳು. "ಐ ಕಾಂಟ್ ಡೂ ದಿಸ್, ಸರ್. ಐಯಾಮ್ ಸಾರಿ" ಎಂದಳು. ಸಂಗಮೇಶರು ಅವಳ ಪಕ್ಕದಲ್ಲೇ ಕುಳಿತು, ಜೇಬಿನಿಂದ ಒಣಶುಂಠಿಯ ತುಂಡು ತೆಗೆದುಕೊಟ್ಟು, "ಮೊದಲ ಮೂರು ಚಳಿಗಾಲ ನಂದೂ ಇದ ಹಣೇಬರಾ ಇತ್ತವಾ. ಯಾರಿಗೂ ಹೇಳಿಲ್ಲ. ನಿನಗ ಹೇಳಾಕತ್ತೀನಿ" ಎಂದರು. ಕನ್ನಡ ತಿಳಿದರೂ ಇಂಗ್ಲಿಷಿನಲ್ಲೇ ಮರುನುಡಿಯುವ ಆ ಹುಡುಗಿ ಅಂದು ಅಳುತ್ತಲೇ ನಕ್ಕು, "ಇನ್ನೊಂದು ಪೀಸ್ ಇದೆಯಾ ಸರ್?" ಎಂದು ಕೇಳಿದಳು. ಡಾ. ಜಾಹ್ನವಿಯವರು ಇಂದು ಅದೇ ಗಣತಿಯ ಮುಖ್ಯಸ್ಥೆ.

ಕೆಲವು ವರ್ಷಗಳ ಹಿಂದಿನ ಒಂದು ಡಿಸೆಂಬರಿನಲ್ಲಿ ಸಂಗಮೇಶರ ಮೇಜಿಗೆ, ಮೀನುಗಾರಿಕೆ ಕಂಪನಿಯೊಂದು ಸರ್ಕಾರಕ್ಕೆ ಸಲ್ಲಿಸಿದ್ದ, ವಿಚಾರಣೆಗೆ ಬರಲಿದ್ದ ಒಂದು ಪ್ರಸ್ತಾವದ ಪ್ರತಿ ಬಂತು. ಕೊಲ್ಲಿಯ ಉತ್ತರ ಭಾಗದಲ್ಲಿ ಬಾತುಗಳೇ ಇಲ್ಲವಾದ್ದರಿಂದ ಅಷ್ಟನ್ನು ಸಂರಕ್ಷಣೆಯಿಂದ ಹೊರಗಿಟ್ಟು, ಯಂತ್ರಗಳಿಂದ ತಳ ಬಾಚಿ ಚಿಪ್ಪುಜೀವಿಗಳನ್ನು ತೆಗೆಯಲು ಅನುಮತಿ ಕೊಡಬಹುದು ಎಂಬುದು ಅದರ ಸಾರ. ಆ ಮಾತಿಗೆ ಆಧಾರವಾಗಿ ಕೆಳಗೆ ಕೊಟ್ಟಿದ್ದ ಹೆಸರು ಒಂದೇ: ಕಮತಗಿ. ಹತ್ತು ಚಳಿಗಾಲ ಅವರೇ ಎಣಿಸಿ ಬರೆದ ಸೊನ್ನೆಗಳು ಸಾಲಾಗಿ ನಿಂತು, ಆ ಹಕ್ಕಿಗಳ ಅರ್ಧ ಮನೆಯನ್ನು ಕಸಿಯಲು ಸಾಕ್ಷಿ ಹೇಳುತ್ತಿದ್ದವು.

ವಿಭಾಗದ ಮುಖ್ಯಸ್ಥೆ ಹೆಲೆನ್ ಅವರ ಕೋಣೆಗೆ ಹೋದ ಸಂಗಮೇಶರು ಕುರ್ಚಿಯಲ್ಲಿ ಕೂರಲೂ ಇಲ್ಲ.

"ನಿಮ್ಮ ಎಣಿಕೆ ತಪ್ಪೆನ್ನುತ್ತೀರಾ?" ಎಂದು ಹೆಲೆನ್ ಕೇಳಿದರು.

"ಎಣಿಕೆ ಸರಿಯಿದೆ. ಆದರೆ ಉತ್ತರದ ಮರಳಿನಲ್ಲಿ ಅವಕ್ಕೆ ಬೇಕಾದ ತಿನಿಸು ಹೇರಳವಾಗಿದೆ. ಉಣ್ಣುವ ತಾಣ ಬಿಟ್ಟು ಅವು ದೂರ ಹೋಗಿ ಯಾಕೆ ಕೂತಿವೆ ಎನ್ನುವುದು ನನಗೆ ಗೊತ್ತಿಲ್ಲ."

"ಗೊತ್ತಿಲ್ಲ ಎನ್ನುವುದನ್ನು ವಿಚಾರಣೆಯಲ್ಲಿ ಉತ್ತರವೆಂದು ಒಪ್ಪುವುದಿಲ್ಲ, ಸಂಗಮೇಶ್," ಎಂದರು ಹೆಲೆನ್. ಗಡುಸಾಗಿ ಹೇಳಿದ ಮಾತಲ್ಲ ಅದು. ಅವರಿಗೂ ಆ ಕೊಲ್ಲಿ ಬೇಕಾಗಿತ್ತು.

ಆ ವಾರವೆಲ್ಲ ಸಂಗಮೇಶರು ಊಟದ ಮುಂದೆ ಕುಳಿತರೂ ಉಣ್ಣುತ್ತಿರಲಿಲ್ಲ. ಒಂದು ಭಾನುವಾರ, ತಲೆಯ ಮೇಲೆ ವಿಮಾನವೊಂದು ಮನೆ ನಡುಗಿಸುತ್ತ ಇಳಿದು ಹೋದ ಮೇಲೆ, ವತ್ಸಲಾ ಅವರು ರೊಟ್ಟಿ ಬಡಿಸುತ್ತ ಮಾತಿಗೆಳೆದರು.

"ಅಲ್ರೀ, ಆ ಜ್ವಾಲಾಮುಖಿ ಬೂದಿ ಎದ್ದು ವಿಮಾನ ಎಲ್ಲಾ ನಿಂತಿದ್ವಲ್ಲ, ನೆನಪೈತೇನು? ಆ ವಾರ ನಮ್ಮ ಹಿತ್ತಲದಾಗ ಹಕ್ಕಿ ಕೂಗೇ ಕೂಗು. ನೀವು ಕಿಟಕಿ ತಗದು ನಿಂತಬಿಟ್ಟಿದ್ರಿ. ಆ ನಿಮ್ಮ ಕೊಲ್ಲ್ಯಾಗೂ ಹಂಗ ಏನರೆ ಗದ್ದಲ ಐತೇನು?"

"ಅಲ್ಲೆಂಥಾ ಗದ್ದಲ? ದೋಣಿ ಓಡಾಡ್ತಾವ, ಅಷ್ಟ. ಬಂದರದಿಂದ ಕಡಲಾಗಿನ ಗಾಳಿಯಂತ್ರಕ್ಕ ಕೆಲಸದವರನ್ನ ಕರಕೊಂಡು ಹೋಗಾವು."

"ದಿನಾ?"

"ದಿನಾ ಅಲ್ಲ. ಗಾಳಿ ಕಡಿಮಿ ಇದ್ದ ತಿಳಿ ದಿನ..." ಎಂದವರು ಅಲ್ಲಿಗೇ ನಿಂತರು. ಗಾಳಿ ಕಡಿಮೆಯಿದ್ದ ತಿಳಿ ದಿನಗಳಲ್ಲೇ ಗಣತಿಯ ವಿಮಾನವೂ ಹಾರುತ್ತಿದ್ದದ್ದು. ತಾವು ಎಣಿಸಲು ಹೋದ ದಿನಗಳೆಲ್ಲ ದೋಣಿಗಳೂ ಹೊರಟ ದಿನಗಳೇ. ಸಮುದ್ರ ತಿಳಿಯಾಗಿದ್ದು ದೋಣಿ ಮಾತ್ರ ಹೊರಡದ ದಿನವನ್ನು ಇಷ್ಟು ವರ್ಷಗಳಲ್ಲಿ ತಾವು ನೋಡಿಯೇ ಇಲ್ಲ.

"ಹಂಗಾದ್ರ ಅಂಥಾ ದಿನ ನೋಡ್ರಿ," ಎಂದರು ವತ್ಸಲಾ. ಅಂಥ ದಿನ ಯಾವುದೆಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಕ್ರಿಸ್‌ಮಸ್ ದಿನ ಈ ದೇಶದಲ್ಲಿ ರೈಲೂ ಓಡುವುದಿಲ್ಲ, ದೋಣಿ ಓಡೀತೇ? ಬಹಳ ವರ್ಷಗಳ ಮೇಲೆ ಆ ದಿನಕ್ಕೆ ರಜೆ ಪಡೆದಿದ್ದ ವತ್ಸಲಾ ಅವರು ಗೆಳತಿಯರನ್ನು ಊಟಕ್ಕೆ ಕರೆದು, ಸೌತ್‌ಹಾಲ್‌ನ ಭಾರತೀಯ ಅಂಗಡಿಗಳಿಂದ ಸಾಮಾನನ್ನೂ ತಂದಿಟ್ಟಿದ್ದರು. ಈಗ ಅವರೇ, "ನಾನೂ ಬರ್ತೀನಿ. ಮನಿಯಾಗ ಒಬ್ಬಾಕಿ ಕೂತು ಏನ ಮಾಡ್ಲಿ?" ಎಂದು ಗೆಳತಿಯರಿಗೆ ಫೋನು ಮಾಡಲು ಎದ್ದರು.

ಕ್ರಿಸ್‌ಮಸ್ ಬೆಳಗ್ಗೆ ಖಾಲಿ ಮೋಟಾರ್‌ವೇಯಲ್ಲಿ ಪಶ್ಚಿಮಕ್ಕೆ ಸಾಗಿ, ಅವರಿಬ್ಬರೂ ಬ್ರಿನ್‌ಮೋರಿನ ಉತ್ತರ ದಿಣ್ಣೆಯನ್ನು ಹತ್ತಿದಾಗ ಗಾಳಿಯಿರಲಿಲ್ಲ. ನೀರು ಎಣ್ಣೆ ಹೊಯ್ದಂತೆ ಸಪಾಟಾಗಿತ್ತು. ಅದರ ಮೇಲೆ ಒಂದು ದೋಣಿಯೂ ಇರಲಿಲ್ಲ, ಒಂದು ಹಕ್ಕಿಯೂ ಇರಲಿಲ್ಲ. ಫ್ಲಾಸ್ಕಿನ ಚಹಾ ಮುಗಿಯಿತು. ಕಟ್ಟಿಕೊಂಡು ಹೋಗಿದ್ದ ಚುರುಮುರಿಯೂ ಮುಗಿಯಿತು. ಚಳಿಗೆ ವತ್ಸಲಾ ಅವರ ಹಲ್ಲು ಕಟಕಟಿಸುತ್ತಿದ್ದವು. ಸಂಗಮೇಶರು, "ನಡಿ, ಹೋಗೂಣು. ನಾ ಅಂದಕೊಂಡಿದ್ದು ತಪ್ಪು" ಎಂದು ಬೈನಾಕ್ಯುಲರನ್ನು ಎದೆಗಿಳಿಸಿದರು.

"ಅಲ್ಲಿ ಅದೇನ್ರೀ, ಹೊಗಿ?" ಎಂದರು ವತ್ಸಲಾ.

ನೈಋತ್ಯದ ಅಂಚಿನಲ್ಲಿ, ನೀರಿಗೆ ಅಂಟಿದಂತೆ, ಕರಿ ನೂಲಿನ ಎಳೆಯೊಂದು ಅಲುಗುತ್ತಿತ್ತು. ಅದು ಉದ್ದವಾಯಿತು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ನೋಡನೋಡುತ್ತಿದ್ದಂತೆ ಆ ಎಳೆಗಳು ರೆಕ್ಕೆಗಳಾದವು. ಬಾತುಗಳು, ಹಿಂಡಿನ ಹಿಂದೆ ಹಿಂಡು, ಅಲೆಯ ಮೇಲೆ ಒಂದು ಮೊಳವೂ ಏರದೆ, ದಿಣ್ಣೆಯತ್ತ ನೇರವಾಗಿ ಬರುತ್ತಿದ್ದವು. ಮೊದಲ ಹಿಂಡು ಇಳಿದ ಕಡೆ ನೀರು ಬಿಳಿಯಾಗಿ ಸೀಳಿ, ಮರುಕ್ಷಣ ಕಪ್ಪಾಯಿತು. ಆ ಕಪ್ಪು ಹಬ್ಬುತ್ತ ಹಬ್ಬುತ್ತ ಕೊಲ್ಲಿಯ ಬಾಯಿಯವರೆಗೂ ಹೋಯಿತು. ಗಂಡುಗಳ ಸಣ್ಣ ಸಿಳ್ಳು, ಒಂದೊಂದಾಗಿ ಕೇಳಿದ್ದರೆ ಗಮನಕ್ಕೂ ಬಾರದಂಥದ್ದು, ಸಾವಿರ ಸಾವಿರ ಕೊರಳುಗಳಿಂದ ಎದ್ದು ದಿಣ್ಣೆಯ ಬುಡದಿಂದ ನೆತ್ತಿಯವರೆಗೆ ತುಂಬಿಕೊಂಡಿತು. ಆಮೇಲೆ ಯಾರೋ ಸನ್ನೆ ಮಾಡಿದಂತೆ ಒಂದು ದೊಡ್ಡ ಹಿಂಡಿಗೆ ಹಿಂಡೇ ಮುಳುಗಿತು. ಕಪ್ಪಾಗಿದ್ದ ನೀರು ಬರಿದಾಯಿತು. ನೋಡುತ್ತಿದ್ದ ಇಬ್ಬರ ಕಣ್ಣೆದುರು ಅಷ್ಟೂ ಬಾತುಗಳು ಮತ್ತೆ ಮೇಲೆದ್ದು ತಲೆ ಕೊಡವಿದವು.

"ಎಷ್ಟು ಅದಾವ್ರೀ?" ಎಂದು ವತ್ಸಲಾ ಪಿಸುಗುಟ್ಟಿದರು. ತಿರುಗಿ ನೋಡಿದರೆ ಗಂಡನ ಬಾಯಿ ಅರೆ ತೆರೆದಿತ್ತು, ಕೆನ್ನೆ ತೊಯ್ದಿತ್ತು. ಅಷ್ಟು ವರ್ಷ ವಿಮಾನದ ಸದ್ದಿನೊಳಗೆ ಕುಳಿತು ಎಣಿಸಿದ್ದ ಹಕ್ಕಿಗಳ ದನಿಯನ್ನು ಅವರು ಹೀಗೆ ಕಿವಿತುಂಬ ಕೇಳಿದ್ದು ಅದೇ ಮೊದಲು.

"ಎಣಸ್ರೀ," ಎಂದು ಅವರು ಗಂಡನ ತೋಳು ಅಲುಗಿಸಿದರು. "ಆಮ್ಯಾಲ ನೋಡೀರಂತ. ಮೊದಲ ಎಣಸ್ರೀ."

ಸಂಗಮೇಶರು ಎಣಿಸಿದರು. ಮೊದಲು ನೂರರ ಒಂದು ಗುಂಪನ್ನು ಕಣ್ಣಿಗೆ ಹಿಡಿಸಿಕೊಂಡು, ಆ ಅಳತೆಯನ್ನು ನೀರಿನ ಮೇಲೆ ಇಟ್ಟುಕೊಂಡು ಹೋದರು. ನಂಬಿಕೆಯಾಗದೆ ಮತ್ತೆ ಮೊದಲಿನಿಂದ ಎಣಿಸಿದರು. ಕೊಲ್ಲಿಯ ಬಾತುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಅಂದು ಅಲ್ಲಿದ್ದವು.

"ಒಂದು ದಿನದ ಎಣಿಕೆ ಒಂದು ದಿನದ್ದೇ," ಎಂದರು ಹೆಲೆನ್, ಕಚೇರಿ ತೆರೆದ ಮೇಲೆ. ಸಂಗಮೇಶರು ಅದನ್ನು ಒಪ್ಪಿದರು. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ ಎಂದರು. ನೆಟ್ಟಗೆ ಬಂದರಿಗೆ ಹೋಗಿ, ದೋಣಿಗಳ ಮುಖ್ಯ ಕಪ್ತಾನ ಗ್ಯಾರೆತ್ ಅವರನ್ನು ಕಂಡು, ಜನವರಿಯಲ್ಲಿ ಎರಡು ವಾರ ದೋಣಿಗಳನ್ನು ದಕ್ಷಿಣದ ಬಳಸುದಾರಿಯಲ್ಲಿ ಒಯ್ಯಬಹುದೇ ಎಂದು ಕೇಳಿದರು.

"ಹುಟ್ಟಿದಾಗಿನಿಂದ ಈ ನೀರಿನಲ್ಲಿದ್ದೇನೆ. ಉತ್ತರದಲ್ಲಿ ಬಾತು ಕಂಡದ್ದಿಲ್ಲ," ಎಂದರು ಗ್ಯಾರೆತ್.

"ನಿಮ್ಮ ದೋಣಿ ಇನ್ನೂ ಮೈಲಿ ದೂರವಿರುವಾಗಲೇ ಅವು ಎದ್ದು ಹೋಗುತ್ತವೆ. ನಿಮಗೆ ಕಾಣುವುದು ಹೇಗೆ? ಒಮ್ಮೆ ದಿಣ್ಣೆಗೆ ಬನ್ನಿ."

ಗ್ಯಾರೆತ್ ಗೊಣಗುತ್ತಲೇ ದಾರಿ ಬದಲಿಸಿದರು. ಕೆಲವು ದಿನಗಳ ಮೇಲೆ ದಿಣ್ಣೆಗೂ ಬಂದರು. ಕೆಳಗಿನ ಕಪ್ಪು ಹರವನ್ನು ಬಹಳ ಹೊತ್ತು ನೋಡಿ, ಟೋಪಿ ತೆಗೆದು ಕೈಯಲ್ಲಿ ಹಿಡಿದು, "ಇಷ್ಟನ್ನೂ ಇಷ್ಟು ಕಾಲ ನಾನು ಓಡಿಸುತ್ತಿದ್ದೆನೇ?" ಎಂದರು.

"ನನಗೂ ಇಷ್ಟು ವರ್ಷ ಗೊತ್ತಾಗಲಿಲ್ಲ," ಎಂದರು ಸಂಗಮೇಶರು.

ಲಂಡನ್ನಿನಲ್ಲಿ ನಡೆದ ವಿಚಾರಣೆಯಲ್ಲಿ ಎದುರು ಪಕ್ಷದ ವಕೀಲರು ಹಳೆಯ ಸೊನ್ನೆಗಳನ್ನು ಎತ್ತಿ ತೋರಿಸಿ ಬಹಳ ಕೆಣಕಿದರು. ಸಂಗಮೇಶರು ಒಂದು ಸೊನ್ನೆಯನ್ನೂ ಅಲ್ಲಗಳೆಯದೆ, ಅವು ದೋಣಿ ಓಡಿದ ದಿನಗಳ ಸೊನ್ನೆಗಳು ಎಂಬುದನ್ನು ವಿವರಿಸಿದರು. ಅವರ ಪಕ್ಕದ ಕುರ್ಚಿಯಲ್ಲಿ ಸಾಕ್ಷಿಯಾಗಿ ಗ್ಯಾರೆತ್ ಇದ್ದರು. ಕೊಲ್ಲಿಯ ಗಡಿ ಇದ್ದಂತೆಯೇ ಉಳಿಯಿತು. ಚಳಿಗಾಲದ ಬಳಸುದಾರಿ ಕಾಯಂ ಆಯಿತು. ಎಣಿಸುವಾಗ ಸುತ್ತ ಯಾರು ಓಡಾಡುತ್ತಿದ್ದರು ಎಂಬುದನ್ನೂ ದಾಖಲಿಸುವ ಪದ್ಧತಿಯನ್ನು ಅಧ್ಯಯನ ಕೇಂದ್ರ ಅಂದಿನಿಂದ ಬಿಟ್ಟಿಲ್ಲ.

ನಿವೃತ್ತಿಯೆಂದರೆ ಸುಮ್ಮನೆ ಕೂರುವುದೆಂದು ಈ ದಂಪತಿಗೆ ಅನಿಸಿಲ್ಲ. ಲಂಡನ್ನಿನ ಸುತ್ತಣ ಜಲಾಶಯಗಳ ಹಕ್ಕಿಗಳ ಬಗ್ಗೆ ಸಂಗಮೇಶರು ಕನ್ನಡದಲ್ಲಿ ಪುಸ್ತಕವೊಂದನ್ನು ಬರೆಯುತ್ತಿದ್ದಾರೆ. ಕರಡು ಓದಿ ಗೀಟು ಹಾಕುವವರು ವತ್ಸಲಾ. ಆ ಪುಸ್ತಕ ಬೇಗ ಪೂರ್ಣಗೊಳ್ಳಲಿ. ಜಾಹ್ನವಿಯವರ ತಂಡಕ್ಕೆ ಸಂಗಮೇಶರ ಗದರಿಕೆಯೂ ಶುಂಠಿಯೂ ಇನ್ನೂ ಬಹುಕಾಲ ಸಿಗುತ್ತಿರಲಿ. ಅವರ ಮೊಣಕಾಲು ದಿಣ್ಣೆ ಹತ್ತುವಷ್ಟು ಗಟ್ಟಿಯಾಗಿ, ಕಿವಿ ಸಿಳ್ಳು ಕೇಳುವಷ್ಟು ಚುರುಕಾಗಿ ಉಳಿಯಲಿ. ಉತ್ತರದ ಕೆರೆಗಳು ಹೆಪ್ಪುಗಟ್ಟಿ, ಆ ಕಪ್ಪು ಹಿಂಡುಗಳು ದಕ್ಷಿಣಕ್ಕೆ ಹೊರಡುವ ವರ್ಷವರ್ಷವೂ, ಅವು ಬಂದಿಳಿಯುವ ಹೊತ್ತಿಗೆ ದಂಡೆಯ ಮೇಲೆ ಇವರಿಬ್ಬರೂ ಜೊತೆಯಾಗಿ ನಿಂತಿರಲಿ.