ಎರೆಹುಳುವಿನ ನೆತ್ತರು ಹರಿಯುವ ದಿಕ್ಕು

ನಾನು ರೋಣದ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಪ್ರಯೋಗಾಲಯದ ಗೋಡೆಗೆ ಎರೆಹುಳುವಿನ ರಕ್ತಪರಿಚಲನೆಯ ದೊಡ್ಡ ನಕ್ಷೆ ತೂಗುಹಾಕಿದ್ದಾರೆ. ಅದರಲ್ಲಿ ಬೆನ್ನಿನ ರಕ್ತನಾಳದ ಬಾಣ ಬಾಲದ ಕಡೆ ಮುಖ ಮಾಡಿದೆ. ಅದು ತಪ್ಪು. ಬೆನ್ನಿನ ನಾಳ ತನ್ನನ್ನು ತಾನೇ ಹಿಂಡಿಕೊಳ್ಳುತ್ತ ರಕ್ತವನ್ನು ತಲೆಯ ಕಡೆಗೆ ನೂಕುತ್ತದೆ. ಅಲ್ಲಿ ಕೆಲವು ಜೋಡಿ ಹೃದಯಗಳು ಅದನ್ನು ಹೊಟ್ಟೆಯ ಬದಿಯ ನಾಳಕ್ಕೆ ಇಳಿಸುತ್ತವೆ. ಹಿಂದಕ್ಕೆ ಹರಿಯುವುದು ಆ ಕೆಳಗಿನ ನಾಳದಲ್ಲಿ.

ನಮ್ಮ ವಿಭಾಗದ ಹಿರಿಯರಿಗೆ ಇದನ್ನು ಹೇಳಿದೆ.

"ಇರ್ಲಿ ಬಿಡ್ರಿ ಮೇಡಂ. ನಾ ಬರೂಕಿಂತ ಮೊದಲಿಂದ ಐತಿ ಅದು. ಯಾರೂ ಏನೂ ಅಂದಿಲ್ಲ," ಎಂದರು.

ಹಾಗಾದರೆ ಮಕ್ಕಳಿಗೆ ಜೀವಂತ ಹುಳುವನ್ನೇ ತೋರಿಸುತ್ತೇನೆ ಎಂದುಕೊಂಡೆ. ಆದರೆ ಬೇಸಿಗೆ, ಕಪ್ಪು ನೆಲ ಬಿರುಕು ಬಿಟ್ಟು ಹುಳುಗಳು ಆಳಕ್ಕೆ ಇಳಿದಿದ್ದವು. ಅಸೂಟಿ ಎಂಬ ಹಳ್ಳಿಯ ವಿದ್ಯಾರ್ಥಿನಿಯೊಬ್ಬಳು ತಮ್ಮ ಹೊಲ ಅಗೆದು ಬರಿಗೈಯಲ್ಲಿ ಬಂದಳು. ಕೊನೆಗೆ ನಾನೇ ಕೊಣ್ಣೂರಿಗೆ ಹೋದೆ. ಅಲ್ಲಿ ಹೊಳೆಯ ದಂಡೆಗೆ ನನ್ನ ಚಿಗವ್ವನ, ಅಂದರೆ ಚಿಕ್ಕಮ್ಮನ, ಹೊಲವಿದೆ.

"ಇಷ್ಟು ಓದಿ ಹುಳಾ ಹುಡುಕ್ಕೊಂತ ಬಂದೀ ಏನವಾ," ಎನ್ನುತ್ತಲೇ ಚಿಗವ್ವ ಬಾಳೆಯ ಬುಡದ ಹಸಿಮಣ್ಣು ಕೆದರಿ ಒಂದು ಡಬ್ಬಿ ತುಂಬಿಕೊಟ್ಟಳು.

ನರಗುಂದದಲ್ಲಿ ಬಸ್ಸು ಬದಲಿಸಬೇಕು. ರೋಣದ ಬಸ್ಸು ತಾಸುಗಟ್ಟಲೆ ಬರಲೇ ಇಲ್ಲ. ಬಿಸಿಲಿಗೆ ಡಬ್ಬಿಯ ಮಣ್ಣು ಒಣಗಿತು. ಹಸಿ ಚರ್ಮದಿಂದಲೇ ಉಸಿರಾಡುವ ಜೀವ ಅದು. ಮನೆ ಮುಟ್ಟುವಷ್ಟರಲ್ಲಿ ಒಂದು ಎಳೆಯ ಹುಳು ಬಿಟ್ಟು ಉಳಿದವೆಲ್ಲ ಸತ್ತಿದ್ದವು.

ಮರುದಿನ ಅದನ್ನು ಒದ್ದೆ ಗಾಜಿನ ಮೇಲಿಟ್ಟು ಕೆಳಗಿನಿಂದ ಬೆಳಕು ಬಿಟ್ಟೆ. ಬೆನ್ನಿನುದ್ದಕ್ಕೂ ಕೆಂಪು ಗೆರೆಯೊಂದು ಅಲೆ ಅಲೆಯಾಗಿ ಮುಂದಕ್ಕೆ ಸಾಗುತ್ತಿತ್ತು. ಅಷ್ಟರಲ್ಲಿ ಹುಳು ಹಿಂದಕ್ಕೆ ತೆವಳಿತು. ತಲೆ ಯಾವ ಕಡೆ ಎಂದು ಮಕ್ಕಳಲ್ಲಿ ವಾದ ಶುರುವಾಯಿತು. ದೊಡ್ಡ ಹುಳುವಾದರೆ ತಲೆಯ ಬದಿಗಿರುವ ದಪ್ಪ ಪಟ್ಟಿ ನೋಡಿ ಹೇಳಬಹುದು, ಈ ಎಳೆಯದಕ್ಕೆ ಅದು ಇನ್ನೂ ಸರಿಯಾಗಿ ಮೂಡಿರಲಿಲ್ಲ. ಚೂಪಾದ ತುದಿಯನ್ನು ತೋರಿಸಿ ತಿಳಿಸಿಹೇಳುವಷ್ಟರಲ್ಲಿ ಗಂಟೆ ಹೊಡೆಯಿತು. ಅಸೂಟಿಯ ಹುಡುಗಿ ಮಾತ್ರ ಬಗ್ಗಿಕೊಂಡು ನೋಡುತ್ತಲೇ ಇದ್ದಳು.

"ರಕ್ತ ಮುಂದಕ್ಕ ಹೊಂಟೈತ್ರೀ ಮೇಡಂ," ಎಂದಳು ಮೆಲ್ಲಗೆ.

ವಿಭಾಗದ ಹಿರಿಯರೇ ತಿದ್ದುವ ಕಿರುಪರೀಕ್ಷೆಯಲ್ಲಿ ಎಲ್ಲರೂ ಬಾಣವನ್ನು ಬಾಲದ ಕಡೆಗೇ ಬರೆದಿದ್ದರು, ಅವಳೂ ಕೂಡ. ಕರೆದು ಕೇಳಿದೆ.

"ನೋಡಿದ್ದು ಖರೇ ಐತ್ರಿ. ಆದ್ರ ಪೇಪರ್ ತಿದ್ದೋ ಸರ್ ನಕ್ಷೆದಾಗ ಇದ್ದಂಗ ಇದ್ರನ ಮಾರ್ಕ್ಸ್ ಕೊಡ್ತಾರಲ್ರೀ."

ಅವಳು ಹೇಳಿದ್ದು ಸುಳ್ಳಾಗಿರಲಿಲ್ಲ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ.