ಬಂದೋರಿಗಷ್ಟೇ ಹಚ್ಚುವ ಒಲೆ

ಗ್ಯಾಸ್ ಏಜೆನ್ಸಿಯಲ್ಲಿದ್ದಾಗ ಮನೆಮನೆಗೆ ಹೋಗಿ ಗ್ಯಾಸ್ ಉಳಿಸುವುದನ್ನು ಹೇಳಿಕೊಡುವುದು ನನ್ನ ಕೆಲಸವಾಗಿತ್ತು. ತಂಬ್ರಹಳ್ಳಿಯ ಅಜ್ಜಿಯೊಬ್ಬರಿಗೂ ಹೇಳಲು ಶುರುಮಾಡಿದೆ: "ಅವ್ವಾರ, ಜಳಕದ ನೀರು ಕಾಸುವಾಗ ಉರಿ ಸಣ್ಣ ಇಡ್ರಿ."

"ಜಳಕಕ್ಕ ಹಂಡೆ ಐತಿ, ಶೇಂಗಾ ಸಿಪ್ಪಿ ಐತಿ. ಗ್ಯಾಸ್ ಯಾಕ ಸುಡ್ಲಿ?" ಎಂದರು.

ರೊಟ್ಟಿಯೂ ಕಟ್ಟಿಗೆ ಒಲೆಯ ಮೇಲೇ. ಗ್ಯಾಸ್ ಒಲೆಗೆ ಕುಂಕುಮ ಹಚ್ಚಿ, ಕಸೂತಿ ಬಟ್ಟೆ ಹೊದಿಸಿದ್ದರು.

"ಮನಿಗೆ ಬಂದೋರಿಗಷ್ಟ ಹಚ್ಚೋದು. ಮೊದ್ಲು ಕೊಟ್ಟ ಸಿಲಿಂಡರ್ ಇನ್ನೂ ಮುಗಿದಿಲ್ಲ," ಎಂದು ಹೆಮ್ಮೆಯಿಂದ ಬಟ್ಟೆ ತೆಗೆದು, ಚಹಾಕ್ಕಿಟ್ಟು, ಉರಿ ಪೂರ್ತಿ ತಿರುಗಿಸಿದರು.

"ಸಣ್ಣ ಮಾಡ್ರಿ," ಅಂದೆ.

"ಸುಮ್ನ ಕುಂದ್ರು ತಮ್ಮ. ಬಂದೋರಿಗೆ ಸಣ್ಣ ಉರ್ಯಾಗ ಚಾ ಕಾಸಿದ್ರ ಮಂದಿ ಏನಂದಾರು?"

ಗ್ಯಾಸ್ ಉಳಿಸಲು ಹೋದವನೇ ಅದನ್ನು ಸುಡಿಸಿದ್ದೆ. ಆದರೂ ಆ ಒಲೆ ನನಗಾಗಿ ಹೊತ್ತಿತಲ್ಲ ಎಂದು ಎದೆಯುಬ್ಬಿತ್ತು. ಇನ್ನೊಂದು ಕಪ್ ಕಾಸಲಾ ಎಂದು ಕೇಳಿದಾಗ ಬೇಡವೆನ್ನಲಿಲ್ಲ.